ಆಟ ಚೆನ್ನಾಗಿಲ್ಲವೋ, ಆಡಿದ ರೀತಿ ಸರಿಯಿಲ್ಲವೋ?

‘ನೀವು ಆಡಿದ ವಿಡಿಯೋ ಗೇಮ್ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯಿರಿ, ತಕರಾರಿದ್ದರೆ ಕೇಳಿ’ ಎಂದು ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆವು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದಿದ್ದೇವೆ. ಹೊಗಳಿದವರಿಗಿಂತ ಬೈದವರ ಪತ್ರಗಳೇ ಇಲ್ಲಿ ಹೆಚ್ಚು. ಉತ್ತರ ಬರೆಯಲು ಸಾಮಾನು ಸಿಗುವುದು ಅವುಗಳಲ್ಲೇ.

ಪ್ರಶ್ನೆ: ‘ರೆಡ್ ಡೆಡ್ ರಿಡೆಂಪ್ಷನ್ 2’ ಅಂದರೆ ಹಾಸ್ಟೆಲಿನಲ್ಲಿ ಎಲ್ಲರೂ ಕೈ ಮುಗಿಯುತ್ತಾರೆ. 150 ಜಿಬಿ ಇಳಿಸಿಕೊಂಡು ಕೂತರೆ ಹಿಮದಲ್ಲಿ ಕುದುರೆ ಕಾಲೆಳೆಯುವುದನ್ನು ನೋಡುವುದೇ ಆಟ. ಎರಡು ಗಂಟೆಗೆ ಸಾಕಾಯಿತು. ನನ್ನ ಲೆಕ್ಕದಲ್ಲಿ 10ಕ್ಕೆ 4. ಇದು ತಪ್ಪೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಚಟ್ನಿ ಬಂದ ಕೂಡಲೇ ನೆಕ್ಕಿ ನೋಡಿ, ಬೆಣ್ಣೆ ದೋಸೆ ಬರುವ ಮೊದಲೇ ಬಿಲ್ಲು ಕೊಟ್ಟು ಎದ್ದ ಹಾಗಾಯಿತು. ನೀವು ನೋಡಿದ್ದು ಮೊದಲ ಅಧ್ಯಾಯವನ್ನು ಮಾತ್ರ. ಹಿಮದ ಬೆಟ್ಟದ ಆ ಭಾಗ ಎರಡು–ಮೂರು ಗಂಟೆ ಹಿಡಿಯುತ್ತದೆ. ಅಲ್ಲಿ ಆಟ ನಿಮ್ಮ ಕೈ ಹಿಡಿದೇ ನಡೆಸುತ್ತದೆ, ಎಲ್ಲಿಗೂ ಬಿಡುವುದಿಲ್ಲ. ಎರಡನೇ ಅಧ್ಯಾಯದಲ್ಲಿ ಹಾರ್ಸ್‌ಶೂ ಓವರ್‌ಲುಕ್ ಎಂಬಲ್ಲಿ ಬಿಡಾರ ಹೂಡಿದ ಮೇಲೆ ನಕ್ಷೆ ತೆರೆದುಕೊಳ್ಳುತ್ತದೆ. ಬೇಟೆ, ಮೀನು, ದರೋಡೆ, ದಾರಿಯಲ್ಲಿ ಸಿಗುವ ಅಪರಿಚಿತರು ಎಲ್ಲ ಶುರುವಾಗುವುದು ಅಲ್ಲಿಂದ. ಒಂದು ತೊಡಕೂ ಇದೆ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಹಣ ವಾಪಸ್ ಬೇಕಿದ್ದರೆ ಕೊಂಡ 14 ದಿನದೊಳಗೆ ಕೇಳಬೇಕು, ಆಡಿದ ಅವಧಿಯೂ 2 ಗಂಟೆ ದಾಟಿರಬಾರದು. ಈ ಆಟದ ಮುನ್ನುಡಿಯೇ ಆ ಗಡುವನ್ನು ತಿಂದುಬಿಡುತ್ತದೆ. ಹಾಗಾಗಿ ಇಂಥ ಆಟವನ್ನು ‘ನೋಡೋಣ, ಇಷ್ಟವಾಗದಿದ್ದರೆ ವಾಪಸ್ ಮಾಡೋಣ’ ಎಂದು ಕೊಳ್ಳಬೇಡಿ. ಎರಡನೇ ಅಧ್ಯಾಯದ ಅರ್ಧ ಗಂಟೆಯ ವಿಡಿಯೋ ಯಾರದ್ದಾದರೂ ನೋಡಿ ಆಮೇಲೆ ತೀರ್ಮಾನಿಸಿ.

ಕುದುರೆ ಕಾಲೆಳೆಯುವ ವಿಚಾರದಲ್ಲಿ ಅರ್ಧ ತಪ್ಪು ಆಟದ್ದು, ಅರ್ಧ ಸೆಟ್ಟಿಂಗ್‌ದು. ಕಂಟ್ರೋಲರ್‌ನಲ್ಲಿ ಓಡಲು ಒಂದೇ ಬಟನ್ ಒತ್ತುತ್ತಲೇ ಇರಬೇಕು. ಕಂಟ್ರೋಲ್ಸ್ ಪುಟದಲ್ಲಿ ‘ಟಾಗಲ್ ಟು ರನ್’ ಆನ್ ಮಾಡಿದರೆ ಕಾಲ್ನಡಿಗೆಯ ಓಟಕ್ಕೆ ಒಮ್ಮೆ ಒತ್ತಿದರೆ ಸಾಕು. ದೂರದ ಸವಾರಿಗೆ ನಕ್ಷೆಯಲ್ಲಿ ಗುರುತು ಹಾಕಿ, ಕುದುರೆ ಓಡಿಸುತ್ತಾ ಸಿನಿಮ್ಯಾಟಿಕ್ ಕ್ಯಾಮೆರಾ ಆನ್ ಮಾಡಿದರೆ ಕುದುರೆ ತಾನೇ ದಾರಿ ಹಿಡಿದು ಹೋಗುತ್ತದೆ. ಬಿಡಾರದಿಂದ ನೇರ ಊರಿಗೆ ಹಾರಬೇಕಿದ್ದರೆ ಬಿಡಾರದ ಲೆಡ್ಜರ್‌ನಲ್ಲಿ (ಲೆಕ್ಕದ ಪುಸ್ತಕ) ಮೊದಲು ಗುಂಪಿನ ನಾಯಕ ಡಚ್‌ನ ಡೇರೆಗೆ 220 ಡಾಲರ್, ಆಮೇಲೆ ನೀವು ಆಡಿಸುವ ಆರ್ಥರ್‌ನ ಡೇರೆಗೆ 325 ಡಾಲರ್ ಹಾಕಿ. ಆಟದ ದುಡ್ಡು, ನಿಮ್ಮ ಜೇಬಿನದಲ್ಲ. ಡೇರೆಯ ಪಕ್ಕ ನಕ್ಷೆಯೊಂದು ಬರುತ್ತದೆ. ಅದು ಹೋಗುವುದಕ್ಕೆ ಮಾತ್ರ. ಬರುವಾಗ ಕುದುರೆಯೋ ರೈಲೋ ನೋಡಿಕೊಳ್ಳಬೇಕು.

ಚಿತ್ರ ತಡವರಿಸುತ್ತಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಮೊದಲು ಅಂಚುಗಳನ್ನು ನಯಗೊಳಿಸುವ ‘ಎಂಎಸ್‌ಎಎ’ ಪೂರ್ತಿ ಆಫ್ ಮಾಡಿ, ‘ವಾಟರ್ ಫಿಸಿಕ್ಸ್’ ಅರ್ಧಕ್ಕೆ ಇಳಿಸಿ, ‘ವಾಲ್ಯುಮೆಟ್ರಿಕ್’ ಎಂದು ಶುರುವಾಗುವ ಸಾಲುಗಳನ್ನು ಮೀಡಿಯಂಗೆ ತನ್ನಿ. ವಸ್ತುಗಳ ಮೇಲ್ಮೈ ಚಿತ್ರ, ಅಂದರೆ ಟೆಕ್ಸ್‌ಚರ್ ಮಾತ್ರ ಅಲ್ಟ್ರಾದಲ್ಲೇ ಇರಲಿ. ಅದನ್ನು ಇಳಿಸಿದರೆ ವೇಗ ಹೆಚ್ಚೇನೂ ಏರುವುದಿಲ್ಲ, ನೆಲ–ಬಂಡೆ ಎಲ್ಲ ಮಸುಕಾಗುತ್ತದೆ. ಆಟ ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ದಾರಿ ಆಯುವ ಎಪಿಐ ಎಂಬ ಸಾಲಿನಲ್ಲಿ ವಲ್ಕನ್, ಡೈರೆಕ್ಟ್‌ಎಕ್ಸ್ 12 ಎರಡನ್ನೂ ಹತ್ತತ್ತು ನಿಮಿಷ ಆಡಿ ನೋಡಿ. ಯಾವುದು ಒಗ್ಗುತ್ತದೆ ಎಂಬುದು ನಿಮ್ಮ ಕಾರ್ಡ್ ಮೇಲೆ ಹೋಗುತ್ತದೆ.

ಇಷ್ಟಾದರೂ ನಿಮ್ಮ 4 ಅಂಕದಲ್ಲಿ ನ್ಯಾಯವೇ ಇಲ್ಲ ಎನ್ನಲಾರೆವು. ಈ ಆಟದ ಮಿಷನ್‌ಗಳು (ಕಥೆ ಒಪ್ಪಿಸುವ ಕೆಲಸಗಳು) ವಿಪರೀತ ಬಿಗಿ. ಹೇಳಿದ ದಾರಿ ಬಿಟ್ಟು ಪಕ್ಕದ ಗುಡ್ಡದಿಂದ ಸುತ್ತಿ ಹೋದರೆ ‘ಮಿಷನ್ ಫೇಲ್’. ಇಷ್ಟು ದೊಡ್ಡ ಬಯಲು ಕೊಟ್ಟು, ಕೆಲಸದ ಹೊತ್ತಿಗೆ ಹಗ್ಗ ಹಾಕಿ ಎಳೆಯುತ್ತಾರೆ. ನಮ್ಮ ಅಂಕ: ಅಲೆದಾಟಕ್ಕೆ 9, ಮಿಷನ್‌ಗೆ 6.

ಪ್ರಶ್ನೆ: ‘ಎಲ್ಡನ್ ರಿಂಗ್’ನಲ್ಲಿ ಮಾರ್ಗಿಟ್ ಎಂಬ ಮುದುಕನ ಕೈಲಿ ನಲವತ್ತು ಸಲ ಸತ್ತಿದ್ದೇನೆ. ಇದು ಕಷ್ಟದ ಆಟವಲ್ಲ, ಮೋಸದ ಆಟ. ಔಷಧಿ ಕುಡಿಯಲು ಹೋದರೆ ಸರಿಯಾಗಿ ಅದೇ ಕ್ಷಣಕ್ಕೆ ಚೂರಿ ಎಸೆಯುತ್ತಾನೆ!
– ಹಿರಿಯೂರಿನ ಓದುಗ

ಉತ್ತರ: ಚೂರಿಯ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ನೀವು ಬಾಟಲಿ ಎತ್ತಿದ್ದಕ್ಕೇ ಅವನು ಎಸೆಯುವುದು. ದೂರ ಓಡಿ ಹೋಗಿ ಕುಡಿದರೆ ಚೂರಿ ಖಾತ್ರಿ. ಅವನ ಉದ್ದನೆಯ ಏಟಿನ ಸರಣಿ ಮುಗಿದು ಕೋಲು ನೆಲಕ್ಕೆ ಬಿದ್ದಾಗ, ಅವನ ಬೆನ್ನ ಹಿಂದೆ ಇದ್ದುಕೊಂಡು ಕುಡಿಯಬೇಕು.

ನಲವತ್ತು ಸಲ ಸಾಯುವುದಕ್ಕೆ ಕಾರಣ ಬೇರೆ. ಆಟ ಶುರುವಾದ ಕೂಡಲೇ ಒಂದು ಬಂಗಾರದ ಬೆಳಕಿನ ಗೆರೆ ಕೋಟೆಯ ಕಡೆ ತೋರಿಸುತ್ತದೆ. ಹೊಸಬರು ಅದನ್ನೇ ಆಜ್ಞೆ ಎಂದುಕೊಂಡು ನೆಟ್ಟಗೆ ಹೋಗುತ್ತಾರೆ. ಅದು ದಿಕ್ಕು ಅಷ್ಟೇ, ‘ಈಗಲೇ ಹೋಗು’ ಎಂದು ಅರ್ಥವಲ್ಲ. ಕೋಟೆಗೆ ಬೆನ್ನು ತಿರುಗಿಸಿ ಮೊದಲು ಈ ಕೆಲಸಗಳನ್ನು ಮುಗಿಸಿ.

ಚರ್ಚ್ ಆಫ್ ಎಲ್ಲೆಯಲ್ಲಿ ಆಯುಧ ಸಾಣೆ ಹಿಡಿಯುವ ಮೇಜಿದೆ. ಅಲ್ಲಿ +3ರವರೆಗೆ ಏರಿಸಬಹುದು. ಸಾಮಾನ್ಯ ಆಯುಧಕ್ಕೆ +1ಕ್ಕೆ 2, +2ಕ್ಕೆ 4, +3ಕ್ಕೆ 6, ಒಟ್ಟು 12 ಮೊದಲ ದರ್ಜೆಯ ಸ್ಮಿಥಿಂಗ್ ಸ್ಟೋನ್ ಎಂಬ ಕಲ್ಲು ಬೇಕು. ಲಿಮ್‌ಗ್ರೇವ್ ಟನಲ್ಸ್ ಎಂಬ ಗಣಿಯಲ್ಲಿ ಗೋಡೆಗೆ ಅಂಟಿಕೊಂಡು ಹೊಳೆಯುತ್ತಿರುತ್ತವೆ, ಕಿತ್ತುಕೊಳ್ಳಿ. ನಾಲ್ಕಾರು ಆಯುಧಕ್ಕೆ ಹಂಚಬೇಡಿ, ಒಂದಕ್ಕೇ ಹಾಕಿ. ಕುದುರೆ ಸಿಕ್ಕ ಮೇಲೆ ಮತ್ತೆ ಅದೇ ಚರ್ಚ್‌ಗೆ ಬಂದರೆ ರೆನ್ನಾ ಎಂಬಾಕೆ ಕೂತಿರುತ್ತಾಳೆ. ಆಕೆ ಕೊಡುವ ಗಂಟೆಯಿಂದ ಮೂರು ತೋಳಗಳನ್ನು ಜಗಳಕ್ಕೆ ಕರೆಯಬಹುದು. ಮಾರ್ಗಿಟ್ ತೋಳಗಳ ಕಡೆ ತಿರುಗಿದ ಹತ್ತು ಸೆಕೆಂಡೇ ನಿಮ್ಮ ಹಬ್ಬ.

ಆಮೇಲೆ ದಕ್ಷಿಣದ ಸೇತುವೆ ದಾಟಿ ವೀಪಿಂಗ್ ಪೆನಿನ್ಸುಲಾಕ್ಕೆ ಹೋಗಿ. ಅಲ್ಲಿನ ಮೂರು ಚರ್ಚ್‌ಗಳಲ್ಲಿ ಮೂರು ಸೇಕ್ರೆಡ್ ಟಿಯರ್ ಸಿಗುತ್ತವೆ. ಲಿಮ್‌ಗ್ರೇವ್‌ನ ಥರ್ಡ್ ಚರ್ಚ್ ಆಫ್ ಮಾರಿಕಾದಲ್ಲಿ ಇನ್ನೊಂದಿದೆ. ಇವು ಔಷಧಿಯ ಒಂದೊಂದು ಗುಟುಕಿನ ಬಲ ಹೆಚ್ಚಿಸುತ್ತವೆ. ಬಂಗಾರ ಬಣ್ಣದ ಪುಟ್ಟ ಸಸಿಗಳ ಬುಡದಲ್ಲಿ ಸಿಗುವ ಗೋಲ್ಡನ್ ಸೀಡ್ ಗುಟುಕುಗಳ ಸಂಖ್ಯೆ ಹೆಚ್ಚಿಸುತ್ತದೆ. ಈ ಎರಡರ ವ್ಯತ್ಯಾಸ ತಿಳಿಯದೆ ಒಂದನ್ನು ಮಾತ್ರ ಹುಡುಕುವವರೇ ಜಾಸ್ತಿ.

ಲೆವೆಲ್ ಏರಿಸುವಾಗ ವಿಗರ್ (ಜೀವಬಲ) ಅನ್ನು 20ರ ತನಕ ತನ್ನಿ. ಏಟಿನ ಬಲ ಹೆಚ್ಚಿಸಲು ಸ್ಟ್ರೆಂತ್‌ಗೇ ಎಲ್ಲ ಸುರಿದು, ಎರಡೇ ಏಟಿಗೆ ಸಾಯುವುದು ಹೊಸಬರ ಮಾಮೂಲಿ ತಪ್ಪು. ಆಯುಧದ ಬಲ ಲೆವೆಲ್‌ಗಿಂತ ಸಾಣೆಯಿಂದಲೇ ಹೆಚ್ಚು ಬರುತ್ತದೆ. ತೊಟ್ಟ ಕವಚ, ಹಿಡಿದ ಆಯುಧ ಎಲ್ಲ ಸೇರಿದ ಭಾರ ನೀವು ಹೊರಬಲ್ಲ ಮಿತಿಯ ಶೇ 70ರ ಒಳಗಿರಲಿ. ದಾಟಿದರೆ ಏಟು ತಪ್ಪಿಸಲು ಉರುಳುವುದು ಮೂಟೆ ಉರುಳಿದಂತಾಗುತ್ತದೆ.

ಕೊನೆಗೆ ಕಾದಾಟ. ಮಾರ್ಗಿಟ್ ಕೋಲನ್ನು ಎತ್ತಿ ಹಿಡಿದು ಬೇಕೆಂದೇ ಕಾಯುತ್ತಾನೆ. ನೀವು ಕೋಲು ಎತ್ತಿದ್ದು ನೋಡಿ ಉರುಳುತ್ತೀರಿ, ನೀವು ಎದ್ದು ನಿಲ್ಲುವ ಹೊತ್ತಿಗೆ ಕೋಲು ಬೀಳುತ್ತದೆ. ಎತ್ತಿದಾಗಲ್ಲ, ಇಳಿಯಲು ಶುರುವಾದಾಗ ಉರುಳಿ. ಅದೂ ಹಿಂದಕ್ಕಲ್ಲ, ಅವನ ಪಕ್ಕಕ್ಕೆ. ಒಂದು ಸರಣಿ ಮುಗಿದರೆ ಒಂದೇ ಏಟು, ಹೆಚ್ಚೆಂದರೆ ಎರಡು. ಮೂರನೆಯ ಏಟಿನ ಆಸೆಯೇ ಸಾವು. ಇಷ್ಟೂ ಸಾಲದಿದ್ದರೆ ಮರ್ಕ್‌ವಾಟರ್ ಗುಹೆಯಲ್ಲಿ ಪ್ಯಾಚಸ್ ಎಂಬ ವ್ಯಾಪಾರಿಯ ಬಳಿ 5,000 ರೂನ್‌ಗೆ (ಆಟದ ದುಡ್ಡು) ‘ಮಾರ್ಗಿಟ್ಸ್ ಶ್ಯಾಕಲ್’ ಎಂಬ ಸಂಕೋಲೆ ಸಿಗುತ್ತದೆ. ಕಾದಾಟದ ಮೊದಲ ಭಾಗದಲ್ಲಿ ಎರಡು ಸಲ ಅವನನ್ನು ನೆಲಕ್ಕೆ ಕಟ್ಟಿಹಾಕುತ್ತದೆ.

‘ಮೋಸ’ ಎಂಬ ಮಾತನ್ನು ಇಷ್ಟೆಲ್ಲ ಮಾಡಿದ ಮೇಲೆ ಮತ್ತೆ ಬರೆದು ಕಳಿಸಿ, ಪ್ರಕಟಿಸುತ್ತೇವೆ. ನಮ್ಮ ನಿಜವಾದ ತಕರಾರು ಇನ್ನೊಂದಿದೆ. ಈ ಆಟ ಇವುಗಳಲ್ಲಿ ಅರ್ಧವನ್ನೂ ತಾನಾಗಿ ಹೇಳಿಕೊಡುವುದಿಲ್ಲ.

ಪ್ರಶ್ನೆ: ಏಳುಸುತ್ತಿನ ಕೋಟೆಯ ಊರಿನವರು ನಾವು. ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ದ್ರಾವಿಡಿಯನ್ಸ್ ಪಡೆ ತೆಗೆದುಕೊಂಡು ಏಳು ಸುತ್ತು ಗೋಡೆ ಕಟ್ಟಿದರೂ ಸೋಲುತ್ತೇನೆ. ದ್ರಾವಿಡಿಯನ್ಸ್ ದುರ್ಬಲ ಎಂಬುದು ನನ್ನ ಅಭಿಪ್ರಾಯ. ಅಲ್ಲದೆ ನಮ್ಮ ನಾಯಕರು, ಹೊಯ್ಸಳರು ಯಾರೂ ಯಾಕಿಲ್ಲ?
– ಪದವಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಎರಡನೆಯದಕ್ಕೆ ಮೊದಲು. 2022ರ ಏಪ್ರಿಲ್‌ನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ವಿಸ್ತರಣೆ, ಅಲ್ಲಿಯವರೆಗೆ ‘ಇಂಡಿಯನ್ಸ್’ ಎಂದು ಒಂದೇ ಗಂಟಾಗಿದ್ದುದನ್ನು ಬಿಚ್ಚಿತು. ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಎಂದು ನಾಲ್ಕು ಪಾಲಾಯಿತು. ದಕ್ಷಿಣದ ಅಷ್ಟೂ ರಾಜ್ಯಗಳು ‘ದ್ರಾವಿಡರು’ ಎಂಬ ಒಂದೇ ಚೀಲದಲ್ಲಿ ಉಳಿದವು. ಕಥೆಗೆ ಸಿಕ್ಕವನು ರಾಜೇಂದ್ರ ಚೋಳ. ಕನ್ನಡದ ಓದುಗನಿಗೆ ಇದು ಚುಚ್ಚುವುದು ಸಹಜ. ಕಲ್ಯಾಣದ ಚಾಲುಕ್ಯರಿಲ್ಲದೆ ರಾಜೇಂದ್ರನ ಇತಿಹಾಸವನ್ನೇ ಹೇಳಲಾಗದು. ಆದರೆ ಆಟದ ಜೊತೆಗೇ ಸಿನಾರಿಯೋ ಎಡಿಟರ್ ಬರುತ್ತದೆ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದ ಮುತ್ತಿಗೆಯನ್ನು ನಕ್ಷೆ ಬರೆದು ನೀವೇ ಕಟ್ಟಬಹುದು. ಓಬವ್ವನ ಕಿಂಡಿಗೆ ಒಂದೇ ಚೌಕದ ಸಂದಿ ಬಿಟ್ಟರಾಯಿತು.

ಇನ್ನು ಸೋಲಿನ ವಿಷಯ. ಕಲ್ಲಿನ ಗೋಡೆಗೆ ಚೌಕವೊಂದಕ್ಕೆ 5 ಕಲ್ಲು. ಆಟ ಶುರುವಾಗುವಾಗ ಕೈಲಿರುವುದು 200, ಅಂದರೆ 40 ಚೌಕ. ಅದು ಒಂದು ಸುತ್ತಿಗೇ ಸಾಲದು. ಉಳಿದ ಆರು ಸುತ್ತಿಗೆ ನೀವು ಜನರನ್ನು ಕಲ್ಲು ಒಡೆಯಲು ಹಚ್ಚಿರುತ್ತೀರಿ. ಆ ಹೊತ್ತಿಗೆ ಎದುರಾಳಿ ಅಷ್ಟೇ ಜನರನ್ನು ಅನ್ನಕ್ಕೆ, ಮರಕ್ಕೆ ಹಚ್ಚಿ ಮುಂದಿನ ಯುಗಕ್ಕೆ ಹೋಗಿರುತ್ತಾನೆ. ಕೋಟೆಗೆ ಬೇಕಾದ 650 ಕಲ್ಲೂ ಗೋಡೆಯಲ್ಲೇ ಕರಗಿರುತ್ತದೆ. ಗೋಡೆ ಕಟ್ಟುವುದು ಹೊತ್ತು ಕೊಳ್ಳಲಿಕ್ಕೆ ಮಾತ್ರ. ಬೆಟ್ಟ, ಕಾಡು, ನೀರು ಎಲ್ಲಿದೆ ನೋಡಿ ನಡುವಿನ ಸಂದಿಗಳನ್ನಷ್ಟೇ ಮುಚ್ಚಿ. ಚಿತ್ರದುರ್ಗದಲ್ಲಿ ಕಟ್ಟಿದವರು ಮಾಡಿದ್ದೂ ಅದನ್ನೇ. ಬಂಡೆ ಇದ್ದಲ್ಲಿ ಬಂಡೆಯೇ ಗೋಡೆ. ಆಟದಲ್ಲೂ ಎತ್ತರಕ್ಕೆ ಬೆಲೆಯಿದೆ. ಮೇಲಿನಿಂದ ಕೆಳಗೆ ಹೊಡೆದರೆ ಏಟಿನ ಬಲ ಶೇ 25 ಹೆಚ್ಚು, ಕೆಳಗಿನಿಂದ ಮೇಲೆ ಹೊಡೆದರೆ ಶೇ 25 ಕಡಿಮೆ. ಕೋಟೆಯನ್ನು ದಿಬ್ಬದ ಮೇಲೇ ಕಟ್ಟಿ.

ಮೊದಲ ಹತ್ತು ನಿಮಿಷ ಹೀಗೆ ನಡೆಯಲಿ. ಹಳ್ಳಿಗನೊಬ್ಬ ತಯಾರಾಗಲು 25 ಸೆಕೆಂಡ್, 50 ಅನ್ನ. ಅವರನ್ನು ತಯಾರಿಸುವ ಮುಖ್ಯ ಕಟ್ಟಡ ಟೌನ್ ಸೆಂಟರ್ ಒಂದು ಕ್ಷಣವೂ ಖಾಲಿ ಕೂರಬಾರದು. ಅದು ಖಾಲಿ ಕೂತ ಒಟ್ಟು ಹೊತ್ತೇ ಹೊಸಬನಿಗೂ ಪಳಗಿದವನಿಗೂ ಇರುವ ಮುಖ್ಯ ಅಂತರ. ಮೊದಲ ಆರು ಜನ ಕುರಿಗೆ, ಮುಂದಿನ ನಾಲ್ವರು ಮರಕ್ಕೆ. ಆಮೇಲಿನವನು ಕಾಡುಹಂದಿಗೆ ಎರಡು ಬಾಣ ಹೊಡೆದು, ಅದನ್ನು ಟೌನ್ ಸೆಂಟರ್‌ಗೆ ಓಡಿಸಿಕೊಂಡು ಬರಬೇಕು. ಒಂದು ಹಂದಿಗೆ 340 ಅನ್ನ. ಅಲ್ಲೇ ನಿಂತು ಕೊಲ್ಲಲು ಹೋದರೆ ಹಳ್ಳಿಗ ಸಾಯುತ್ತಾನೆ. ಮೂರ್ನಾಲ್ಕು ಜನ ಹಣ್ಣಿನ ಪೊದೆಗೆ. ಒಟ್ಟು 21–22 ಜನ ಆದಾಗ 500 ಅನ್ನ ಕೊಟ್ಟು ಮುಂದಿನದಾದ ಫ್ಯೂಡಲ್ ಯುಗ ಒತ್ತಿ, ಅದಕ್ಕೆ 130 ಸೆಕೆಂಡ್. ಆ ಹೊತ್ತಿನಲ್ಲಿ ಕಾಲಾಳುಗಳನ್ನು ತಯಾರಿಸುವ ಬ್ಯಾರಕ್ಸ್ ಎದ್ದಿರಲಿ.

ದ್ರಾವಿಡರ ಹೆಚ್ಚುಗಾರಿಕೆ ಇಲ್ಲಿದೆ. ಯುಗ ದಾಟಿದ ಕೂಡಲೇ 200 ಮರ ಪುಕ್ಕಟೆ. ಬಿಲ್ಲುಗಾರರ ರೇಂಜ್‌ಗೆ ಬೇಕಾದ್ದು 175, ಹಾಗಾಗಿ ತಡವಿಲ್ಲದೆ ಕಟ್ಟಬಹುದು. ಇವರ ಸ್ಕರ್ಮಿಷರ್‌ಗಳು (ಈಟಿ ಎಸೆಯುವವರು) ಶೇ 25 ಬೇಗ ಎಸೆಯುತ್ತಾರೆ, ಬ್ಯಾರಕ್ಸ್‌ನ ಸುಧಾರಣೆಗಳಿಗೆ ಅರ್ಧ ಬೆಲೆ. ದೌರ್ಬಲ್ಯವೂ ಸ್ಪಷ್ಟ: ನೈಟ್ ಎಂಬ ಕುದುರೆ ಸವಾರರಿಲ್ಲ. ನೀರಿಲ್ಲದ ಬಟಾಬಯಲಿನಲ್ಲಿ ಕುದುರೆಯವನ ಎದುರು ಆಡಿದರೆ ಬೆವರು ಹರಿಯುತ್ತದೆ. ನೀರಿರುವ ನಕ್ಷೆಯಲ್ಲಿ ಆಡಿ ನೋಡಿ, ಆಮೇಲೆ ದುರ್ಬಲ ಎನ್ನಿ.

ಪ್ರಶ್ನೆ: ಭದ್ರಾ ನಾಲೆಯಲ್ಲಿ ಭತ್ತ, ಮೇಲಿನ ಹೊಲದಲ್ಲಿ ಗೋವಿನಜೋಳ. ಮಕ್ಕಳು ಒಕ್ಕಲುತನದ ಗೇಮ್ ಆಡ್ತಾರೆ. ನೋಡಿದ್ರೆ ನಗು ಬರುತ್ತೆ, ನಾಲ್ಕು ದಿನಕ್ಕೆ ಬೆಳೆ! ಸ್ವಲ್ಪನಾದ್ರೂ ನಿಜ ಒಕ್ಕಲುತನ ಇರೋ ಗೇಮ್ ಇದೆಯಾ?
– ರೈತ, ಹರಿಹರ ತಾಲ್ಲೂಕು

ಉತ್ತರ: ನಾಲ್ಕು ದಿನದ ಬೆಳೆ ಎಂದರೆ ಮಕ್ಕಳು ಆಡುವುದು ‘ಸ್ಟಾರ್‌ಡ್ಯೂ ವ್ಯಾಲಿ’ ಇರಬೇಕು. 2016ರ ಈ ಆಟವನ್ನು ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ್ದು. ಅದರಲ್ಲಿ ಋತುವಿಗೆ 28 ದಿನ, ಒಂದು ದಿನ ನಮ್ಮ 14 ನಿಮಿಷ. ಪಾರ್ಸ್‌ನಿಪ್ ಎಂಬ ಗೆಡ್ಡೆಯ ಬೀಜ 20ಕ್ಕೆ ಕೊಂಡು ನಾಲ್ಕು ದಿನಕ್ಕೆ 35ಕ್ಕೆ ಮಾರಬಹುದು. ನಗುವ ಮೊದಲು ಅದರ ಒಂದು ನಿಯಮ ನೋಡಿ. ಋತು ತಿರುಗಿದ ಬೆಳಿಗ್ಗೆ ಹಿಂದಿನ ಋತುವಿನ ಬೆಳೆ ಅಷ್ಟೂ ಒಣಗಿ ನಿಂತಿರುತ್ತದೆ. 12 ದಿನದ ಹೂಕೋಸನ್ನು 20ನೇ ತಾರೀಖು ಹಾಕಿದವನಿಗೆ ಬೀಜದ ದುಡ್ಡೂ ಹುಟ್ಟುವುದಿಲ್ಲ. ಮಕ್ಕಳು ಕಲಿಯುವುದು ಬಿತ್ತನೆ ದಿನದ ಲೆಕ್ಕವನ್ನೇ. ಅವರು ಮಾಡುವ ಮಾಮೂಲಿ ತಪ್ಪು ಇನ್ನೊಂದು: ಸೈಲೊ (ಮೇವಿನ ಕಣಜ) ಕಟ್ಟುವ ಮೊದಲೇ ಹುಲ್ಲು ಸವರಿಬಿಡುತ್ತಾರೆ. ಸೈಲೊ ಇಲ್ಲದೆ ಕೊಯ್ದ ಹುಲ್ಲು ಮೇವಾಗುವುದಿಲ್ಲ, ಮಾಯವಾಗುತ್ತದೆ.

ನಿಮಗೆ ಒಗ್ಗುವುದು ‘ಫಾರ್ಮಿಂಗ್ ಸಿಮ್ಯುಲೇಟರ್ 25’. 2024ರ ನವೆಂಬರ್‌ನಲ್ಲಿ ಬಂತು. ಈ ಸರಣಿಯಲ್ಲಿ ಭತ್ತ, ಎಮ್ಮೆ ಎರಡೂ ಸೇರಿದ್ದು ಇದರಲ್ಲೇ. ಭತ್ತ ಎರಡು ಬಗೆ. ಒಂದಕ್ಕೆ ಗದ್ದೆಗೆ ನೀರು ನಿಲ್ಲಿಸಿ, ನಾಟಿ ಯಂತ್ರದಿಂದ ಸಸಿ ನೆಡಬೇಕು. ಉದ್ದಕಾಳಿನ ಇನ್ನೊಂದನ್ನು ಬೀಜ ಬಿತ್ತಿಯೇ ಬೆಳೆಯಬಹುದು. ಗೋವಿನಜೋಳವೂ ಇದೆ. ಅದನ್ನು ಕೊಯ್ಯಲು ಕಟಾವು ಯಂತ್ರ ಕಂಬೈನ್‌ಗೆ ಬೇರೆ ಹೆಡ್ಡರ್ (ಮುಂದಿನ ಕೊಯ್ಯುವ ಭಾಗ) ಬೇಕು. ಗೋಧಿಯ ಹೆಡ್ಡರ್ ಹಾಕಿಕೊಂಡು ಹೊಲಕ್ಕಿಳಿದು, ಯಾಕೆ ಕಟಾವಾಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಬಹಳ. ಶುರು ಮಾಡುವಾಗ ‘ನ್ಯೂ ಫಾರ್ಮರ್’ ಆಯ್ದರೆ ಹೊಲ, ಟ್ರ್ಯಾಕ್ಟರ್ ಸಿಗುತ್ತವೆ. ‘ಸ್ಟಾರ್ಟ್ ಫ್ರಮ್ ಸ್ಕ್ರ್ಯಾಚ್’ ಆಯ್ದು ಮೊದಲ ದಿನವೇ ದೊಡ್ಡ ಟ್ರ್ಯಾಕ್ಟರ್‌ಗೆ ಸಾಲ ಮಾಡಿದರೆ ಮುಂದಿನದು ನಿಮಗೆ ಹೇಳಬೇಕಿಲ್ಲ.

ಇದರಲ್ಲಿ ಇಲ್ಲದ್ದು: ಅಡಿಕೆ ಇಲ್ಲ, ಕೊಳೆ ರೋಗ ಇಲ್ಲ, ನಾಲೆಗೆ ನೀರು ಬಿಡುವ ದಿನಕ್ಕೆ ಕಾಯುವುದಿಲ್ಲ. ಒಕ್ಕಲುತನದ ಅರ್ಧ ತಲೆನೋವನ್ನು ಆಟದವರು ಬಿಟ್ಟುಬಿಟ್ಟಿದ್ದಾರೆ. ಬಿಟ್ಟಿದ್ದಕ್ಕೇ ಅದು ಆಟ.

ಪ್ರಶ್ನೆ: ಮಗ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುತ್ತಾನೆ. ‘ಈ ಫೋನಲ್ಲಿ ಲ್ಯಾಗ್ ಆಗುತ್ತೆ, 40 ಸಾವಿರದ ಫೋನ್ ಬೇಕು’ ಅಂತ ಹಟ. ನಿಜವಾಗಲೂ ಫೋನಿನ ದೋಷವೇ?
– ತಾಯಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಮ್ಮಾ, ‘ಲ್ಯಾಗ್’ ಎಂಬ ಒಂದೇ ಪದದಲ್ಲಿ ಎರಡು ಕಾಯಿಲೆ ಇವೆ. ಅವನು ಆಡುವಾಗ ಪಕ್ಕದಲ್ಲಿ ಕೂತು ನೋಡಿ. ಪರದೆಯ ಮೂಲೆಯಲ್ಲಿ ‘ಎಂಎಸ್’ ಎಂದು ಒಂದು ಅಂಕಿ ಇರುತ್ತದೆ, ನೆಟ್ ಉತ್ತರಿಸಲು ಹಿಡಿಯುವ ಹೊತ್ತು ಅದು. ಅಂಕಿ ಹಸಿರಾಗಿದ್ದು, ಇಡೀ ಚಿತ್ರವೇ ತಡೆತಡೆದು ಓಡಿದರೆ ದೋಷ ಫೋನಿನದು. ಚಿತ್ರ ನುಣ್ಣಗೆ ಓಡುತ್ತಿದ್ದು, ಎದುರಾಳಿಗಳು ಮಾತ್ರ ಅಲ್ಲಿಂದಿಲ್ಲಿಗೆ ಜಿಗಿದರೆ, ಅಂಕಿ ಕೆಂಪಾದರೆ, ದೋಷ ನೆಟ್‌ದು. ನೆಟ್‌ನ ದೋಷಕ್ಕೆ ಲಕ್ಷದ ಫೋನೂ ಮದ್ದಲ್ಲ.

ಫೋನಿನದಾದರೆ ಏಪ್ರಿಲ್–ಮೇ ತಿಂಗಳ ನಮ್ಮ ಊರಿನ ಬಿಸಿಲೇ ಮೊದಲ ಆರೋಪಿ. ಬಿಸಿಯಾದ ಫೋನ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಮೊದಲ ಪಂದ್ಯ ಚೆನ್ನಾಗಿದ್ದು ಎರಡು–ಮೂರನೆಯದರಲ್ಲಿ ಕೆಡುತ್ತಿದ್ದರೆ ಕಾರಣ ಇದೇ. ಹಿಂದಿನ ಕವರ್ ಬಿಚ್ಚಿ ಆಡಲಿ. ಚಾರ್ಜಿಗೆ ಹಾಕಿಕೊಂಡು ಆಡುವುದು ಬೇಡ. ಬ್ರೈಟ್‌ನೆಸ್ ಅರ್ಧಕ್ಕಿರಲಿ. ಗ್ರಾಫಿಕ್ಸ್ ‘ಸ್ಮೂತ್’ಗೆ ಇಳಿಸಿ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಮಾತ್ರ ಫೋನ್ ಕೊಡುವಷ್ಟು ಏರಿಸಲಿ. ಚೆನ್ನಾಗಿ ಆಡುವವರೂ ಹೀಗೇ ಇಟ್ಟುಕೊಳ್ಳುವುದು, ಅಂದದ ಹುಲ್ಲಿನಿಂದ ಯಾರೂ ಗೆದ್ದಿಲ್ಲ. ಮೆಮೊರಿ ತುಂಬಿ ತುಳುಕುತ್ತಿದ್ದರೆ 10–15 ಜಿಬಿ ಖಾಲಿ ಮಾಡಿ. ನೆಟ್‌ನ ದೋಷವಾದರೆ ವೈಫೈ ರೂಟರ್‌ನ 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿ, ರೂಟರ್ ಇರುವ ಕೋಣೆಯಲ್ಲೇ ಆಡಲಿ. ಅದು ಗೋಡೆ ದಾಟಿದರೆ ಸೊರಗುತ್ತದೆ.

ಇನ್ನೊಂದು, ನೀವು ಕೇಳದ್ದು. ಈ ಆಟ 2021ರಲ್ಲಿ ಬಂದಾಗಲೇ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿತ್ತು. ಅವನು ಅದಕ್ಕಿಂತ ಹೆಚ್ಚು ಆಡುತ್ತಿದ್ದರೆ ವಯಸ್ಸು ತಪ್ಪಾಗಿ ಕೊಟ್ಟಿದ್ದಾನೋ ನೋಡಿ. ನಿಮ್ಮ ಫೋನಿನಲ್ಲೇ ಆಡುತ್ತಿದ್ದರೆ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಯುಪಿಐ ಪಿನ್ ಹೇಳಬೇಡಿ. ಬಣ್ಣದ ಬಟ್ಟೆ, ಬಂದೂಕಿನ ಅಲಂಕಾರಕ್ಕೆ ಹೋಗುವ ದುಡ್ಡು ಕೈಯ ಗುರಿಯನ್ನು ಒಂದು ಕೂದಲೆಳೆಯಷ್ಟೂ ಸುಧಾರಿಸುವುದಿಲ್ಲ.

ಪ್ರಶ್ನೆ: ಅಟ್ಟದಲ್ಲಿದ್ದ ಹಳೇ ಟಿವಿ ಗೇಮ್ ಇಳಿಸಿ ಅಕ್ಕನ ಮಕ್ಕಳಿಗೆ ಕೊಟ್ಟೆ. ಮಾರಿಯೋ ಬರುತ್ತದೆ, ಬಾತುಕೋಳಿ ಹೊಡೆಯುವ ಗನ್ ಮಾತ್ರ ಹೊಸ ಎಲ್‌ಇಡಿ ಟಿವಿಯಲ್ಲಿ ಸತ್ತಂತಿದೆ. ಗನ್ ರಿಪೇರಿ ಆಗುತ್ತದೆಯೇ? ಮಾರಿಯೋ ಈಗ ಆಡಿದರೂ ಅದಕ್ಕಿಂತ ಒಳ್ಳೆಯ ಆಟ ಬಂದಿಲ್ಲ ಅನಿಸುತ್ತದೆ.
– ಚಳ್ಳಕೆರೆಯ ಓದುಗ

ಉತ್ತರ: ಗನ್ ಕೆಟ್ಟಿಲ್ಲ, ರಿಪೇರಿಗೆ ಕೊಡಬೇಡಿ. ಅದು ಗುಂಡು ಹಾರಿಸುವುದಿಲ್ಲ, ನೋಡುತ್ತದೆ. ಗನ್ನಿನ ಟ್ರಿಗರ್ ಒತ್ತಿದ ಕ್ಷಣ ಪರದೆ ಒಂದು ಚೂರು ಹೊತ್ತು ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಬರುತ್ತದೆ. ಗನ್ನಿನ ತುದಿಯ ಕಣ್ಣು ಆ ಬಿಳುಪನ್ನು ಅದೇ ಕ್ಷಣದಲ್ಲಿ ಕಂಡರೆ ಗುರಿ ತಾಗಿದ ಲೆಕ್ಕ. ಹಳೆಯ ಡಬ್ಬಿ ಟಿವಿ ಚಿತ್ರವನ್ನು ಬಂದ ಹಾಗೇ ಗೆರೆಗೆರೆಯಾಗಿ ಎಳೆಯುತ್ತಿತ್ತು. ಎಲ್‌ಇಡಿ ಟಿವಿ ಚಿತ್ರವನ್ನು ಹಿಡಿದಿಟ್ಟು, ತಿದ್ದಿ, ತಡವಾಗಿ ತೋರಿಸುತ್ತದೆ. ಗನ್ ನೋಡಿದಾಗ ಬಿಳಿ ಚೌಕ ಇನ್ನೂ ಬಂದೇ ಇರುವುದಿಲ್ಲ. ಟಿವಿಯ ‘ಗೇಮ್ ಮೋಡ್’ ಆನ್ ಮಾಡಿದರೆ ಮಾರಿಯೋನ ನೆಗೆತಕ್ಕೆ ಅನುಕೂಲ, ಗನ್ನಿಗೆ ಅದೂ ಸಾಲದು. ಹಳೆ ಡಬ್ಬಿ ಟಿವಿಯೊಂದನ್ನು ಗುಜರಿಯವನು ಒಯ್ಯುವ ಮೊದಲು ತಡೆದು ಇಟ್ಟುಕೊಳ್ಳಿ.

ಮಾರಿಯೋ 1985ರದು. ಅಭಿಪ್ರಾಯದಲ್ಲಿ ನಾವು ನಿಮ್ಮ ಪಕ್ಷ, ಒಂದು ಗುಂಡಿಯ ನೆಗೆತದಲ್ಲಿ ಅಷ್ಟು ಬಗೆ ತುಂಬಿದ ಆಟಗಳು ಕಡಿಮೆ. ಮಕ್ಕಳಿಗೆ ಮೂರು ಗುಟ್ಟು ಹೇಳಿಕೊಡಿ. ಆಟ ಮುಗಿದು ಮೊದಲ ಪರದೆಗೆ ಬಂದಾಗ ‘ಎ’ ಬಟನ್ ಹಿಡಿದುಕೊಂಡು ಸ್ಟಾರ್ಟ್ ಒತ್ತಿದರೆ, ಸತ್ತ ಲೋಕದ ಮೊದಲ ಹಂತದಿಂದ ಶುರುವಾಗುತ್ತದೆ. 1–2ರ (ಮೊದಲ ಲೋಕದ ಎರಡನೇ ಹಂತ) ಕೊನೆಯಲ್ಲಿ ಚಾವಣಿಯ ಇಟ್ಟಿಗೆ ಮೇಲೆ ಹತ್ತಿ, ಹೊರಹೋಗುವ ಕೊಳವೆಯನ್ನೂ ದಾಟಿ ಓಡಿದರೆ ಮೂರು ಕೊಳವೆ ಸಿಗುತ್ತವೆ. ಎಡಗಡೆಯದು ನೇರ 4ನೇ ಲೋಕಕ್ಕೆ. 4–2ರಲ್ಲಿ ಬಳ್ಳಿ ಅಡಗಿರುವ ಇಟ್ಟಿಗೆ ಸಿಕ್ಕರೆ ಅಲ್ಲಿಂದ 8ಕ್ಕೆ. 32 ಹಂತದ ಆಟ 8 ಹಂತಕ್ಕೆ ಇಳಿಯುತ್ತದೆ. ಮೂರನೆಯದು, 3–1ರ ಕೊನೆಯ ಮೆಟ್ಟಿಲಲ್ಲಿ ಆಮೆಯ ಚಿಪ್ಪಿನ ಮೇಲೆ ನೆಗೆಯುತ್ತಲೇ ಇದ್ದು ಜೀವ ಗಳಿಸುವುದು. ಇದರಲ್ಲಿ ದುರಾಸೆ ಬೇಡ. 127 ಜೀವ ದಾಟಿದರೆ ಆಟದ ಲೆಕ್ಕ ಕೆಟ್ಟು, ಮುಂದೆ ಒಂದೇ ಸಲ ಸತ್ತರೂ ‘ಗೇಮ್ ಓವರ್’.

ಪ್ರಶ್ನೆ: ‘ಜಿಟಿಎ: ವೈಸ್ ಸಿಟಿ’ಯಲ್ಲಿ ಆಟಿಕೆ ಹೆಲಿಕಾಪ್ಟರ್‌ನಿಂದ ಕಟ್ಟಡದೊಳಗೆ ಬಾಂಬ್ ಇಡುವ ಮಿಷನ್ ಆಟದ ಇತಿಹಾಸದಲ್ಲೇ ಕೆಟ್ಟದ್ದು. ಯಾರಾದರೂ ಮುಗಿಸಿದ್ದಾರಾ?
– ಹೊಳಲ್ಕೆರೆ

ಉತ್ತರ: ಮುಗಿಸಿದ್ದಾರೆ, ಬೈದುಕೊಂಡೇ. ಗಡಿಯಾರ ಓಡಲು ಶುರುವಾಗುವುದು ಮೊದಲ ಬಾಂಬ್ ಎತ್ತಿದ ಮೇಲೆ. ಅದಕ್ಕೂ ಮೊದಲು ಖಾಲಿ ಹೆಲಿಕಾಪ್ಟರ್‌ನಲ್ಲಿ ಕಟ್ಟಡದ ಒಳಗೆಲ್ಲ ಸುತ್ತಿ, ಮೆಟ್ಟಿಲುಗಳ ಜಾಗ ನೋಡಿಕೊಂಡು, ಅಡ್ಡ ಬರುವ ಕೆಲಸಗಾರರನ್ನೂ ಕಾವಲಿನವರನ್ನೂ ರೆಕ್ಕೆಯಿಂದಲೇ ಮುಗಿಸಿಬಿಡಿ. ಆಮೇಲೆ ನಾಲ್ಕು ಬಾಂಬ್ ಒಂದೊಂದಾಗಿ ಒಯ್ಯಿರಿ. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ ಆದರೆ ಬಾಗಿಸುವ ಕೀಗಳನ್ನು ಕಂಟ್ರೋಲ್ಸ್‌ನಲ್ಲಿ ಮೊದಲು ಬದಲಿಸಿ. ‘ಹೆಲಿಕಾಪ್ಟರ್ ಮುಂದೆ ಹೋಗುವುದೇ ಇಲ್ಲ’ ಎನ್ನುವವರಲ್ಲಿ ಹೆಚ್ಚಿನವರ ಕಥೆ ಇದೇ. ಚಿತ್ರದ ವೇಗಕ್ಕೆ ಮಿತಿ ಹಾಕುವ ಫ್ರೇಮ್ ಲಿಮಿಟರ್ ಆನ್ ಇರಲಿ, ಹೊಸ ಕಂಪ್ಯೂಟರ್‌ನಲ್ಲಿ ಅದು ಆಫ್ ಆದರೆ ಆಟದ ಚಲನೆಯೇ ಕೆಡುತ್ತದೆ.

ಪ್ರಶ್ನೆ: ‘ರಾಜಿ’ ನಮ್ಮ ದೇಶದ ಆಟ ಎಂದು ಮೆಚ್ಚಿಕೊಳ್ಳಲೇಬೇಕೇ?
– ಕಲಾ ಶಿಕ್ಷಕಿ, ಹೊಸದುರ್ಗ

ಉತ್ತರ: ಬೇಕಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ತಂಡದ, 2020ರ ಈ ಆಟದಲ್ಲಿ ನಿಮ್ಮ ಕಣ್ಣಿಗೆ ಹಬ್ಬವಿದೆ: ಕಂಬ, ಭಿತ್ತಿಚಿತ್ರ, ತೊಗಲುಗೊಂಬೆಯಾಟದಂತೆ ಬರುವ ಕಥಾಭಾಗ, ದುರ್ಗೆ–ವಿಷ್ಣು ಮಾತಾಡಿಕೊಳ್ಳುತ್ತಾ ಹೇಳುವ ನಿರೂಪಣೆ. ಕೈಗೆ ಅಷ್ಟು ಸುಖವಿಲ್ಲ. ಕ್ಯಾಮೆರಾ ತಿರುಗಿಸಲು ಬರುವುದಿಲ್ಲ, ನೆಗೆತದ ದೂರ ಅಂದಾಜಿಗೆ ಸಿಗದೆ ಬೀಳುತ್ತೀರಿ. ಐದಾರು ಗಂಟೆಗೆ, ಕಥೆ ಏರುತ್ತಿರುವಾಗಲೇ ಕಡಿದುಹೋಗುತ್ತದೆ. ಅರ್ಧ ಬೆಲೆಗೆ ಬಂದಾಗ ಕೊಳ್ಳಿ. ತ್ರಿಶೂಲದಲ್ಲಿ ಆಡಿ, ಕಂಬ ಸುತ್ತಿ ಹೊಡೆಯುವ ಪಟ್ಟು ಕಲಿತರೆ ಜಗಳಗಳು ಸಲೀಸು.

ಪ್ರಶ್ನೆ: ಕರೆಂಟ್ ಹೋದಾಗ ಮನೆಯಲ್ಲಿ ಇನ್ವರ್ಟರ್ ಇದ್ದರೂ ಕಂಪ್ಯೂಟರ್ ಆಫ್ ಆಗಿ ಆಟದ ಸೇವ್ ಕೆಟ್ಟಿತು. ಆಟಕ್ಕೆ ಬೈಯಬೇಕೋ ಇನ್ವರ್ಟರ್‌ಗೋ?
– ಜಗಳೂರು

ಉತ್ತರ: ಇನ್ವರ್ಟರ್‌ನ ಹಿಂದೆಯೋ ಮುಂದೆಯೋ ಇರುವ ಒಂದು ಸಣ್ಣ ಸ್ವಿಚ್ಚಿಗೆ. ‘ನಾರ್ಮಲ್’ನಲ್ಲಿದ್ದರೆ ಬ್ಯಾಟರಿಗೆ ಬದಲಾಗುವ ಹೊತ್ತಿನಲ್ಲಿ ಫ್ಯಾನು, ದೀಪ ಮಿನುಗಿ ಸುಮ್ಮನಾಗುತ್ತವೆ, ಕಂಪ್ಯೂಟರ್ ಸಾಯುತ್ತದೆ. ‘ಯುಪಿಎಸ್’ ಕಡೆ ತಳ್ಳಿ. ಹಾಗೂ ಆಫ್ ಆಗುತ್ತಿದ್ದರೆ ಕಂಪ್ಯೂಟರ್‌ಗೆಂದೇ ಬೇರೆ ಯುಪಿಎಸ್ ಬೇಕು. 600 ವಿಎ ಎಂದು ಬರೆದ ಸಾಮಾನ್ಯ ಪೆಟ್ಟಿಗೆ ಹೊರುವುದು ಸುಮಾರು 360 ವಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಆಟದ ಹೊತ್ತಿನಲ್ಲಿ ಅದರ ಅಂಚಿಗೆ ಬರುತ್ತದೆ, ಮಾನಿಟರ್ ಸೇರಿದರೆ ದಾಟುತ್ತದೆ, ಪೆಟ್ಟಿಗೆ ಕೀಂ ಎಂದು ಕೂಗಿ ಕೈಬಿಡುತ್ತದೆ. 1,000 ವಿಎ ತೆಗೆದುಕೊಳ್ಳಿ. ಅದು ಕೊಡುವ ಹತ್ತು ನಿಮಿಷ ಆಡಲಿಕ್ಕಲ್ಲ, ಸೇವ್ ಮಾಡಿ ಮುಚ್ಚಲಿಕ್ಕೆ. ಮೂಲೆಯಲ್ಲಿ ಸೇವ್ ಚಿಹ್ನೆ ತಿರುಗುತ್ತಿರುವಾಗ ಕರೆಂಟ್ ಹೋದರೇ ಫೈಲ್ ಕೆಡುವುದು. ಆದ್ದರಿಂದ ಒಂದೇ ಸ್ಲಾಟ್ ಮೇಲೆ ಬರೆಯದೆ ಎರಡು–ಮೂರು ಸ್ಲಾಟ್‌ಗೆ ಸರದಿಯಲ್ಲಿ ಸೇವ್ ಮಾಡಿ. ಸ್ಟಾರ್‌ಡ್ಯೂದಂಥ ಆಟ ಮಲಗಿದಾಗ ಮಾತ್ರ ಸೇವ್ ಆಗುತ್ತದೆ, ಅಲ್ಲಿ ಕರೆಂಟ್ ಹೋದರೆ ಆ ದಿನದ ಕೆಲಸ ಹೋಯಿತು. ಗುಡುಗು ಶುರುವಾದರೆ ಆಟದಲ್ಲಿ ಬೇಗ ಮಲಗಿ.